ದೊಡ್ಡಸ್ವಾಮಿಯವರು ಉಳಿಸಿಹೋದದ್ದು

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಸಮಾಧಿಭೂಮಿಗಳಲ್ಲಿ ಕಳೆ ಕಿತ್ತು, ಸುಣ್ಣ ಬಳಿದು, ಮೇಣದಬತ್ತಿ ಹಚ್ಚಿ, ಅಗಲಿದ ಹಿರಿಯರಿಗಾಗಿ ಪ್ರಾರ್ಥಿಸುತ್ತೇವೆ. ಕಲ್ಲಿನ ಮೇಲೆ ಒಂದು ಹೆಸರು ಮತ್ತು ಎರಡು ತಾರೀಖುಗಳಿರುತ್ತವೆ. ಆ ತಾರೀಖುಗಳ ನಡುವೆ ಅವರು ಮಾಡಿದ್ದೇನೆಂಬುದು ಮೂರನೆಯ ತಲೆಮಾರಿನ ಹೊತ್ತಿಗೆ ಮನೆಯವರಿಗೂ ತಿಳಿದಿರುವುದಿಲ್ಲ. ಹೆಸರುವಾಸಿಯಾದವರ ಪಾಡು ಇದಕ್ಕಿಂತ ಮೇಲೆಂದು ನಾವು ಭಾವಿಸಬೇಕಾಗಿಲ್ಲ. ಲೋಕವು ಅವರನ್ನು ಮರೆಯದಿದ್ದರೂ, ಪೂರ್ತಿಯಾಗಿ ಅವರದಲ್ಲದ ಕೆಲಸಕ್ಕಾಗಿ ನೆನೆದು, ನಿಜವಾಗಿ ಅವರದೇ ಆದುದನ್ನು ಮರೆತುಬಿಡುವುದುಂಟು. ಮೈಸೂರು ಸೀಮೆಯ ಕಥೋಲಿಕರ ಚರಿತ್ರೆಯಲ್ಲಿ ಅಬ್ಬೆ ದುಬುವಾ ಅವರ ಜೀವನವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಅಬ್ಬೆ ಎಂಬುದು ಅವರ ಹೆಸರಲ್ಲ. ಫ್ರೆಂಚರು ತಮ್ಮ ಗುರುಗಳನ್ನು ಕರೆಯುವ ಗೌರವದ ಪದವದು. ನಮ್ಮ ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಈ ಆಕಸ್ಮಿಕ ಹೊಂದಿಕೆ ನಮಗೆ ಹಿತವೆನಿಸುತ್ತದೆ. ಅವರ ಹೆಸರು ಜಾನ್ ಆಂತ್ವಾನ್ ದುಬುವಾ. ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದಲ್ಲಿ 1766ರ ಸುಮಾರಿಗೆ ಹುಟ್ಟಿದ ಅವರು 1792ರಲ್ಲಿ ವಿವಿಯೇ ಧರ್ಮಪ್ರಾಂತ್ಯದ ಗುರುವಾಗಿ ಅಭಿಷಿಕ್ತರಾದರು. ಆಗ ಅಲ್ಲಿ ಮಹಾಕ್ರಾಂತಿಯ ಕಾಲ. ಗುರುಗಳ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಅದೇ ವರ್ಷ ಅವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಪರವಾಗಿ ಹಡಗು ಹತ್ತಿ ಪಾಂಡಿಚೇರಿಯ ಮಿಷನ್ನಿಗೆ ಬಂದು ಸೇರಿದರು. ಮೊದಲ ಕೆಲವು ವರ್ಷಗಳು ತಮಿಳು ಸೀಮೆಯಲ್ಲಿ ಕಳೆದವು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಪತನವಾಯಿತು. ಕೆನರಾದಿಂದ 1784ರಲ್ಲಿ ಸೆರೆಯಾಗಿ ಘಟ್ಟ ಹತ್ತಿಸಲ್ಪಟ್ಟ ನಮ್ಮ ಪೂರ್ವಿಕರ ಕಥೆ ಈ ಅಂಕಣದ ಓದುಗರಿಗೆ ಹೊಸದಲ್ಲ. ಹದಿನೈದು ವರ್ಷಗಳ ನಂತರ ಬದುಕುಳಿದವರಲ್ಲಿ ಬಹಳ ಮಂದಿ ಊರಿಗೆ ಮರಳಿದರು. ಕೆಲವರು ಮೈಸೂರು ಸೀಮೆಯಲ್ಲೇ ನಿಂತರು. ಹೀಗೆ ಉಳಿದವರೂ ಮೊದಲಿನಿಂದಲೇ ಅಲ್ಲಿದ್ದ ಕನ್ನಡ, ತಮಿಳು ಕ್ರೈಸ್ತರೂ ಚದುರಿಹೋಗಿದ್ದರು. ಬಲವಂತದಿಂದ ಮತಾಂತರಗೊಂಡಿದ್ದವರು ಮರಳಿ ಬರಲು ಅಂಜುತ್ತಿದ್ದರು. ಆಗ ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರ ಸಲಹೆಯಂತೆ ಅಲ್ಲಿಗೆ ಕರೆಸಿಕೊಳ್ಳಲ್ಪಟ್ಟವರು ದುಬುವಾ. ಅವರಿಗಿನ್ನೂ ಮೂವತ್ತನಾಲ್ಕರ ಆಸುಪಾಸಿನ ವಯಸ್ಸು.

ಮುಂದಿನ ಇಪ್ಪತ್ಮೂರು ವರ್ಷಗಳು ಅವರು ಈ ನಾಡಿನಲ್ಲೇ ಉಳಿದರು. ಚದುರಿದ ಮಂದೆಯನ್ನು ಹುಡುಕಿ ಕೂಡಿಸುವುದೇ ಅವರ ಮೊದಲ ಕೆಲಸವಾಯಿತು. ಯೂರೋಪಿಯನ್ನರ ಸಹವಾಸವನ್ನು ಬಿಟ್ಟು, ಇಲ್ಲಿಯವರ ಉಡುಪು ಧರಿಸಿ, ಇಲ್ಲಿಯ ಊಟ ಉಂಡು, ಹಳ್ಳಿಯಿಂದ ಹಳ್ಳಿಗೆ ತಿರುಗಿದರು. ಥಾಮಸ್ ಹಿಕಿ ಎಂಬ ಚಿತ್ರಕಾರರು ಬರೆದ ಅವರ ಭಾವಚಿತ್ರದಲ್ಲಿಯೂ ದೇಶೀಯ ಉಡುಪೇ ಕಾಣುತ್ತದೆ. ಜನರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಹಾಸನದ ಸೀಮೆಯಲ್ಲಿ ಉಳುಮೆ ಮಾಡಿ ಬದುಕುವಂತೆ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದರು. ನೆಲವಿಲ್ಲದ ಜನರಿಗೆ ಉಪದೇಶ ಮಾತ್ರದಿಂದ ಹೊಟ್ಟೆ ತುಂಬದೆಂಬುದನ್ನು ಆ ಕಾಲದಲ್ಲೇ ಅವರು ಅರಿತಿದ್ದರು ಎಂಬುದು ಗಮನಾರ್ಹ.

ಇನ್ನೊಂದು ಕಾರ್ಯದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಿಡುಬು ಆಗ ಊರೂರನ್ನೇ ಬರಿದು ಮಾಡುತ್ತಿದ್ದ ಬೇನೆ. ಅಮ್ಮ ಬಂದಳೆಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಕಾಯುವುದಲ್ಲದೆ ಬೇರೆ ದಾರಿ ಬಹಳ ಮಂದಿಗೆ ಇರಲಿಲ್ಲ. ಬದುಕಿದವರಲ್ಲಿ ಕಣ್ಣು ಕಳೆದುಕೊಂಡವರೂ ಅನೇಕರು. ಹಸುವಿನ ಸಿಡುಬಿನ ಕೀವನ್ನು ತೋಳಿಗೆ ಚುಚ್ಚಿದರೆ ಮನುಷ್ಯನಿಗೆ ಸಿಡುಬು ಬಾರದೆಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1798ರಲ್ಲಿ ಪ್ರಕಟಿಸಿದ್ದರು. ಆ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಅದರ ಮರುವರ್ಷವೇ ದುಬುವಾ ಅವರು ಮೈಸೂರು ಸೀಮೆಯಲ್ಲಿ ದಾಕು ಹಾಕಿಸುವ ಕೆಲಸಕ್ಕೆ ಕೈಹಾಕಿದರು. ಅಂದಿಗೆ ಕೀವನ್ನು ಶೇಖರಿಸಿಡುವ ಅನುಕೂಲ ಕಡಿಮೆ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯಿಂದ ತೆಗೆದು ಮತ್ತೊಬ್ಬರ ತೋಳಿಗೆ ಹಾಕುತ್ತಾ ಸಾಗಬೇಕಿತ್ತು. ಸರಪಳಿ ಎಲ್ಲಿಯೂ ಕಡಿಯಬಾರದು. ಬೇರೆ ಜಾತಿಯ ಮಗುವಿನ ಮೈಯಿಂದ ತೆಗೆದದ್ದನ್ನು ತಮ್ಮ ಮಗುವಿಗೆ ಹಾಕಿಸಿಕೊಳ್ಳಲು ಯಾವ ತಾಯಿ ಒಪ್ಪಿಯಾಳು? ವಿಶ್ವಾಸ ಗಳಿಸಿದವರ ಮಾತಿಗಲ್ಲದೆ ಜನರು ಮಣಿಯುವಂತಿರಲಿಲ್ಲ. 1803 ಮತ್ತು 1804ರ ಅವಧಿಯಲ್ಲಿ ಈ ಕಾರ್ಯದಿಂದ ದಾಕು ಹಾಕಿಸಿಕೊಂಡವರ ಲೆಕ್ಕ 25,432. ಗುರುವೊಬ್ಬರು ತಿರುಗಿ ತಿರುಗಿ ನಡೆಸಿದ ಕಾರ್ಯದ ಫಲವೆಂದು ನೆನೆದಾಗ ಈ ಸಂಖ್ಯೆಯ ಭಾರ ತಿಳಿದೀತು.

ಆದರೂ ಅವರ ಹೆಸರು ಜಗತ್ತಿನಲ್ಲಿ ಉಳಿದದ್ದು ಇದರಿಂದಲ್ಲ. ಹಿಂದೂಗಳ ಆಚಾರ, ವ್ಯವಹಾರ, ಸಂಸ್ಕಾರಗಳನ್ನು ವರ್ಣಿಸುವ ಒಂದು ದೊಡ್ಡ ಗ್ರಂಥದಿಂದ. ಅದರ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಆಗಿದ್ದ ಮೇಜರ್ ಮಾರ್ಕ್ ವಿಲ್ಕ್ಸ್ ಅವರು ಮೆಚ್ಚಿ ಮದರಾಸು ಸರ್ಕಾರಕ್ಕೆ ಕಳುಹಿಸಿದರು. ಈಸ್ಟ್ ಇಂಡಿಯಾ ಕಂಪನಿಯವರು 1807ರಲ್ಲಿ ಅದನ್ನು 2,000 ವರಹಗಳಿಗೆ ಕೊಂಡರು. ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ದುಬುವಾ ಅವರು ತಿದ್ದಿ ಬೆಳೆಸಿದ ಪ್ರತಿಯಿಂದ ಬೋಚಾಂಪ್ ಎಂಬವರು 1897ರಲ್ಲಿ ಹೊರತಂದ ಹೊಸ ಅನುವಾದಕ್ಕೆ ಮ್ಯಾಕ್ಸ್ ಮ್ಯುಲ್ಲರ್ ಅವರೇ ಮುನ್ನುಡಿ ಬರೆದರು. ನಂತರವೂ ಅದು ಮತ್ತೆ ಮತ್ತೆ ಅಚ್ಚಾಯಿತು. ಮೈಸೂರಿನ ಒಬ್ಬ ಕಥೋಲಿಕ ಗುರುವಿಗೆ ಇಂಥ ಕೀರ್ತಿ ಬಂದುದಕ್ಕೆ ನಮ್ಮವರೂ ಹೆಮ್ಮೆಪಟ್ಟರು.

1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ತಮ್ಮ ಸಂಶೋಧನೆಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಲಂಡನ್ನಿನಲ್ಲಿದ್ದ 1777ರ ಒಂದು ಹಸ್ತಪ್ರತಿಯನ್ನು ಹಿಡಿದು, ದುಬುವಾ ಅವರ ಗ್ರಂಥದ ಹೆಚ್ಚಿನ ಪಾಲಿಗೆ ಮೂಲವಾದದ್ದು ಯೇಸುಸಭೆಯ ಫಾದರ್ ಗಾಸ್ತೋಂ ಲೊರಾಂ ಕೆರ್ದೂ ಅವರ ಬರಹವೆಂದು ಅವರು ತೋರಿಸಿಕೊಟ್ಟರು. ಕೆರ್ದೂ ಅವರು 1691ರಲ್ಲಿ ಫ್ರಾನ್ಸಿನ ಬೂರ್ಜ್ ನಗರದಲ್ಲಿ ಹುಟ್ಟಿ, ತೆಲುಗು ಸೀಮೆಯಲ್ಲಿಯೂ ಪಾಂಡಿಚೇರಿಯಲ್ಲಿಯೂ ದುಡಿದು, 1779ರಲ್ಲಿ ಪಾಂಡಿಚೇರಿಯಲ್ಲೇ ತೀರಿಕೊಂಡವರು. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್ ಭಾಷೆಗಳಿಗೂ ಒಂದೇ ಮೂಲವಿರಬೇಕೆಂದು ಅವರು 1767ರಲ್ಲೇ ಪ್ಯಾರಿಸ್ಸಿನ ಅಕಾಡೆಮಿಗೆ ಬರೆದಿದ್ದರು. ಆ ಬರಹ ಅಚ್ಚಾದದ್ದು 1808ರಲ್ಲಿ; ಅಷ್ಟರಲ್ಲಿ 1786ರ ಉಪನ್ಯಾಸದಿಂದ ಆ ಶೋಧದ ಕೀರ್ತಿ ಸರ್ ವಿಲಿಯಂ ಜೋನ್ಸ್ ಅವರ ಪಾಲಾಗಿತ್ತು. ಒಬ್ಬ ಮನುಷ್ಯನ ಕೆಲಸ ಹೀಗೆ ಎರಡು ಬಾರಿ ಇನ್ನೊಬ್ಬರ ಹೆಸರಿನಲ್ಲಿ ಲೋಕವನ್ನು ಕಂಡಿತು.

ದುಬುವಾ ಅವರು ಮಾಡಿದ್ದು ಸರಿಯೆಂದು ನಾವು ವಾದಿಸುವುದಿಲ್ಲ. ಯೇಸುಸಭೆಯನ್ನು ಪೋಪರು 1773ರಲ್ಲಿ ವಿಸರ್ಜಿಸಿದ್ದರು. ಪಾಂಡಿಚೇರಿಯ ಮಿಷನ್ 1776ರಲ್ಲಿ ಪ್ಯಾರಿಸ್ ಸಂಸ್ಥೆಯ ಕೈಸೇರಿತು. ಹಿಂದಿನವರ ಕಾಗದಪತ್ರಗಳು ಮುಂದಿನವರ ಉಪಯೋಗಕ್ಕೆ ಬರುವುದು ಸಹಜವೇ. ಮೈಸೂರಿನಲ್ಲಿ ತಾವೇ ಕಂಡು ಕೇಳಿದ್ದನ್ನು ದುಬುವಾ ಅದಕ್ಕೆ ಸೇರಿಸಿದ್ದೂ ನಿಜ. ಹೀಗಿದ್ದರೂ ಮುಖಪುಟದ ಮೇಲೆ ಇನ್ನೊಬ್ಬರ ಹೆಸರೂ ಇರಬೇಕಾಗಿತ್ತು. ಸತ್ತವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ವಿಷಯದಲ್ಲಿ ನಮ್ಮ ಗುರುಗಳೆಂಬ ಕಾರಣಕ್ಕೆ ರಿಯಾಯಿತಿ ತೋರಿಸುವುದು ನಮಗೆ ಒಪ್ಪಿಗೆಯಿಲ್ಲ. ಇನ್ನು ಆ ಗ್ರಂಥದಲ್ಲಿ ಬ್ರಾಹ್ಮಣರ ಬಗೆಗಿರುವ ಕಟುಮಾತುಗಳನ್ನೂ ಜಾತಿಪದ್ಧತಿಯ ಸಮರ್ಥನೆಯನ್ನೂ ಇಂದಿನ ಓದುಗರು ಒಪ್ಪಲಾರರು.

ದುಬುವಾ ಅವರು 1823ರ ಜನವರಿಯಲ್ಲಿ ಭಾರತವನ್ನು ಬಿಟ್ಟರು, ಮತ್ತೆ ಬರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತರ ಸ್ಥಿತಿಗತಿಯ ಕುರಿತ ಅವರ ಪತ್ರಗಳು ಪ್ರಕಟವಾದವು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಮನುಷ್ಯಪ್ರಯತ್ನದಿಂದ ಆಗದ ಕೆಲಸವೆಂಬುದು ಅವುಗಳ ಸಾರ. ಇಷ್ಟು ವರ್ಷಗಳ ದುಡಿಮೆಯಲ್ಲಿ ಹೊಸದಾಗಿ ಸೇರಿದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದು ಅವರೇ ಲೆಕ್ಕ ಒಪ್ಪಿಸಿದರು. ಪ್ರಾಟೆಸ್ಟೆಂಟ್ ಪಾದ್ರಿಗಳು ಸಿಟ್ಟಿಗೆದ್ದು ಪುಸ್ತಕಗಳನ್ನೇ ಬರೆದು ಖಂಡಿಸಿದರು. ತಮ್ಮ ಬದುಕನ್ನು ತಾವೇ ತೂಗಿನೋಡಿ ಅವರು ಅದನ್ನು ಸೋಲಿನ ಖಾತೆಗೆ ಬರೆದುಕೊಂಡಂತೆ ನಮಗೆ ಕಾಣುತ್ತದೆ. ಆ ಲೆಕ್ಕದಲ್ಲಿ ಹಾಸನದ ಒಕ್ಕಲುಗಳಾಗಲಿ, ದಾಕಿನಿಂದ ಬದುಕುಳಿದ ಮಕ್ಕಳಾಗಲಿ ಸೇರಿರಲಿಲ್ಲ. ಆ ಮಕ್ಕಳಲ್ಲಿ ಯಾರು ಯಾವ ಜಾತಿ, ಯಾವ ಮತವೆಂದು ಈಗ ಹೇಳುವವರಿಲ್ಲ. ಅವರ ಸಂತಾನ ಇಂದು ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ನಮ್ಮ ಪಕ್ಕದ ಮನೆಯಲ್ಲಿಯೋ ಇದ್ದರೂ ಇರಬಹುದು. ಅವರಿಗೆ ದುಬುವಾ ಎಂಬ ಹೆಸರು ತಿಳಿದಿರಲಾರದು.

ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಅವರ ಕಾಲದ ಚರ್ಚನ್ನು ಜನರು ಅಬ್ಬೆ ದುಬುವಾ ಚರ್ಚೆಂದೇ ಕರೆಯುತ್ತಾರೆ. ದರಿಯಾ ದೌಲತ್ತನ್ನೂ ಗುಂಬಜನ್ನೂ ನೋಡಲು ಹೋಗುವ ನಮ್ಮ ಕುಟುಂಬಗಳು ಅಲ್ಲಿಯೂ ಒಂದು ಗಳಿಗೆ ನಿಂತು ಪ್ರಾರ್ಥಿಸಿ ಬರಬಹುದು. ಹಾಗೆಯೇ ಫಾದರ್ ಕೆರ್ದೂ ಅವರಿಗಾಗಿಯೂ ಒಂದು ಜಪ ಹೇಳಿದರೆ ಹಳೆಯ ಬಾಕಿ ಸ್ವಲ್ಪ ತೀರೀತು.

ಪ್ಯಾರಿಸ್ಸಿಗೆ ಮರಳಿದ ಮೇಲೆ ದುಬುವಾ ಅವರು ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು. ತಮ್ಮ ಸಂಸ್ಥೆಯ ಗುರುಮಠದಲ್ಲಿ ಕೆಲಸ ಮಾಡುತ್ತಾ 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. ಆಗದ ಕೆಲಸವೆಂದು ತಾವೇ ಬರೆದಿದ್ದ ಕೆಲಸಕ್ಕೆ ಪೂರ್ವದೇಶಗಳಿಗೆ ಹೊರಡುವ ತರುಣ ಗುರುಗಳನ್ನು ಸಿದ್ಧಪಡಿಸುವ ಮನೆಯದು. 1848ರ ಫೆಬ್ರವರಿಯಲ್ಲಿ ಅವರು ದೈವಾಧೀನರಾದರು. ಎರಡು ವರ್ಷಗಳ ನಂತರ, 1850ರಲ್ಲಿ, ಮೈಸೂರು ಸೀಮೆಯು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು. ಅದರ ಹೊಣೆಯನ್ನು ಹೊತ್ತವರು ಆ ಮನೆಯಿಂದ ಬಂದ ಗುರುಗಳೇ.