ಅಕ್ವೇರಿಯಂ ಮೀನಿನ ಫೋಟೋ ಮಸುಕಾಗುವುದೇಕೆ? 130 ವರ್ಷಗಳ ಹಿಂದೆಯೇ ಉತ್ತರ ಹುಡುಕಿದ್ದ ವೈದ್ಯನ ಕಥೆ

ಹೊಸ ಫೋನ್ ಕೈಗೆ ಬಂದ ಕೂಡಲೇ ಮನೆಯ ಅಕ್ವೇರಿಯಂ ಮುಂದೆ ನಿಂತು ಫೋಟೋ ತೆಗೆದವರಿಗೆ ಈ ಅನುಭವ ಆಗಿರುತ್ತದೆ. ಮೀನು ಇರಬೇಕಾದ ಜಾಗದಲ್ಲಿ ಒಂದು ಕಿತ್ತಳೆ ಬಣ್ಣದ ಗೀಟು, ಗಾಜಿನ ಮೇಲೆ ಫ್ಲ್ಯಾಶ್‌ನ ಬಿಳಿ ಮಚ್ಚೆ, ಪಕ್ಕದಲ್ಲಿ ನಮ್ಮದೇ ಮುಖ! ನಮಗೂ ಹೀಗೇ ಆಯಿತು. ಕ್ಯಾಮೆರಾ ಸರಿಯಿಲ್ಲ ಎಂದುಕೊಂಡೆವು. ಇದರ ಜಾಡು ಹಿಡಿದು ಹೊರಟಾಗ ನಮಗೆ ಸಿಕ್ಕವರು ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ.

ನಾಡಿಯನ್ನು ಗೆರೆಯಾಗಿಸಿದವರು

ಮಾರೆ ಹುಟ್ಟಿದ್ದು 1830ರ ಮಾರ್ಚ್ 5ರಂದು, ಬೋನ್ ಎಂಬ ಊರಿನಲ್ಲಿ. ಎಂಜಿನಿಯರ್ ಆಗುವ ಆಸೆಯಿತ್ತು. ಆದರೆ ತಂದೆಯ ಇಚ್ಛೆಯಂತೆ ಪ್ಯಾರಿಸ್‌ನಲ್ಲಿ ವೈದ್ಯಕೀಯ ಓದಿದರು. ಯಂತ್ರಗಳ ಗೀಳು ಮಾತ್ರ ಬಿಡಲಿಲ್ಲ. 1860ರ ಸುಮಾರಿಗೆ, ಮಣಿಕಟ್ಟಿಗೆ ಕಟ್ಟಿದರೆ ನಾಡಿಬಡಿತವನ್ನು ಗೆರೆಯಾಗಿ ಬರೆದು ತೋರಿಸುವ ಪುಟ್ಟ ಸಾಧನ ಮಾಡಿದರು. ನಾಡಿ ಹಿಡಿದಾಗ ಒಬ್ಬೊಬ್ಬ ವೈದ್ಯರ ಬೆರಳಿಗೆ ಒಂದೊಂದು ಥರ ಅನಿಸಬಹುದು, ಕಾಗದದ ಮೇಲಿನ ಗೆರೆ ಎಲ್ಲರಿಗೂ ಒಂದೇ. ಕಣ್ಣಿಗೂ ಕೈಗೂ ಸಿಗದ ಚಲನೆಯನ್ನು ಯಂತ್ರದಿಂದ ಹಿಡಿಯುವುದೇ ಮುಂದೆ ಅವರ ಬದುಕಿನ ಕೆಲಸವಾಯಿತು.

ಗುಂಡಿಲ್ಲದ ಕೋವಿ

1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದಿದ್ದರು. ಅವನ್ನು ನೋಡಿದ ಮಾರೆಗೆ ಹಾರುವ ಹಕ್ಕಿಯ ಚಿತ್ರ ಬೇಕೆನಿಸಿತು. ಆದರೆ ಹಕ್ಕಿ ಕ್ಯಾಮೆರಾಗಳ ಸಾಲಿನ ಮುಂದೆಯೇ ಹಾರುತ್ತದೆಯೇ? ಹಾಗಾಗಿ 1882ರಲ್ಲಿ ಕೋವಿಯ ಆಕಾರದ ಕ್ಯಾಮೆರಾ ಮಾಡಿದರು. ಗುರಿಯಿಟ್ಟು ಕುದುರೆ ಎಳೆದರೆ ಒಂದು ಸೆಕೆಂಡಿಗೆ 12 ಚಿತ್ರ. ಒಂದೊಂದಕ್ಕೂ ಬೆಳಕು ಬೀಳುತ್ತಿದ್ದುದು ಸೆಕೆಂಡಿನ 720ನೇ ಒಂದು ಭಾಗದಷ್ಟು ಕಾಲ ಮಾತ್ರ. ಅದೇ ವರ್ಷ ಒಂದೇ ಗಾಜಿನ ಪ್ಲೇಟಿನ ಮೇಲೆ ಹಲವು ಚಿತ್ರ ಮೂಡಿಸುವ ವಿಧಾನವನ್ನೂ ಕಂಡುಕೊಂಡರು.

ಮೀನು ಒಡ್ಡಿದ ಸವಾಲು

ಇಟಲಿಯ ನೇಪಲ್ಸ್‌ನಲ್ಲಿ ಮಾರೆಯವರಿಗೆ ಸಮುದ್ರದ ಹತ್ತಿರ ಒಂದು ಮನೆಯಿತ್ತು. ಅಲ್ಲಿ ಕಡಲ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಚಿತ್ರ ತೆಗೆಯಲು ಹೊರಟಾಗ ಎರಡು ತೊಡಕು ಎದುರಾದವು.

ಮೊದಲನೆಯದು ಜಾಗ. ನಡೆಯುವ ಮನುಷ್ಯ ಮುಂದೆ ಸಾಗುತ್ತಾನೆ, ಆದ್ದರಿಂದ ಒಂದೇ ಪ್ಲೇಟಿನ ಮೇಲೆ ಚಿತ್ರಗಳು ಪಕ್ಕಪಕ್ಕ ಬೀಳುತ್ತವೆ. ಸಮುದ್ರಕುದುರೆ ನಿಂತಲ್ಲೇ ರೆಕ್ಕೆ ಅಲುಗಿಸುತ್ತದೆ. ಎಲ್ಲ ಚಿತ್ರಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಇದಕ್ಕೆ ಉತ್ತರ, ಲೆನ್ಸಿನ ಹಿಂದೆ ಸರಿಯುವ ಪಟ್ಟಿ. 1888ರಲ್ಲಿ ಕಾಗದದ ಪಟ್ಟಿ, ಆಮೇಲೆ ಸೆಲ್ಯುಲಾಯ್ಡ್ ಪಟ್ಟಿ ಬಂತು.

ಎರಡನೆಯದು ಬೆಳಕು. ಕ್ಷಣಮಾತ್ರ ತೆರೆಯುವ ಕ್ಯಾಮೆರಾಗೆ ಧಾರಾಳ ಬೆಳಕು ಬೇಕು. ಮಾರೆ ತೊಟ್ಟಿಯನ್ನು ಗೋಡೆಯ ತೆರವಿನಲ್ಲಿ ಕೂರಿಸಿದರು. ಆಚೆಯಿಂದ ಆಕಾಶದ ಬೆಳಕು ನೀರಿನ ಮೂಲಕ ಒಳಗೆ ಬರುತ್ತಿತ್ತು, ಈಚೆ ಕ್ಯಾಮೆರಾ. ಬೆಳಗುವ ನೀರಿನೆದುರು ಜೀವಿಯ ಆಕೃತಿ ಕಪ್ಪಾಗಿ, ಸ್ಪಷ್ಟವಾಗಿ ಮೂಡಿತು.

ನಮ್ಮ ಫೋಟೋ ಕೆಡುವುದೂ ಬೆಳಕು ಸಾಲದೆಯೇ. ಮಂದ ಬೆಳಕಿನಲ್ಲಿ ಫೋನ್ ಬೆಳಕು ಕೂಡಿಸಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮೀನು ಮುಂದೆ ಹೋಗಿರುತ್ತದೆ.

ಸಿನಿಮಾ ಒಬ್ಬರದ್ದೇ?

ಸಿನಿಮಾ ಕಂಡುಹಿಡಿದವರು ಯಾರೆಂದು ಕೇಳಿದರೆ ಕೆಲವರು ಎಡಿಸನ್ ಎನ್ನುತ್ತಾರೆ, ಕೆಲವರು ಲ್ಯೂಮಿಯೇರ್ ಸಹೋದರರು ಎನ್ನುತ್ತಾರೆ. ಇಬ್ಬರಿಗಿಂತ ಮೊದಲೇ ಮಾರೆಯ ಪಟ್ಟಿ ಓಡಿತ್ತು. ಆದರೆ ಅದರ ಅಂಚಿನಲ್ಲಿ ರಂಧ್ರಗಳಿರಲಿಲ್ಲ. ಚಿತ್ರಗಳ ನಡುವಿನ ಅಂತರ ಏರುಪೇರಾಗಿ ಪರದೆಯ ಮೇಲೆ ತೋರಿಸುವುದು ಕಷ್ಟವಾಯಿತು. ಲ್ಯೂಮಿಯೇರ್ ಸಹೋದರರು 1895ರಲ್ಲಿ ರಂಧ್ರವಿರುವ ಫಿಲ್ಮ್ ಬಳಸಿ ಗೆದ್ದರು.

ವ್ಯಾಪಾರದ ವಿಷಯಕ್ಕೆ ಮಾರೆ ತಮ್ಮ ಬಹುಕಾಲದ ಸಹಾಯಕ ಜಾರ್ಜ್ ಡೆಮೆನಿಯಿಂದಲೂ ದೂರವಾದರು. ಕಣ್ಣಿಗೆ ಹೇಗೂ ಕಾಣುವುದನ್ನೇ ಮತ್ತೆ ತೋರಿಸುವುದು ಅವರಿಗೆ ಬೇಕಿರಲಿಲ್ಲ. 1904ರ ಮೇ 15ರಂದು ಪ್ಯಾರಿಸ್‌ನಲ್ಲಿ ಅವರು ತೀರಿಕೊಂಡಾಗ ಸಿನಿಮಾ ಊರೂರು ಸುತ್ತುತ್ತಿತ್ತು. ಆ ಹೆಸರು, ಹಣ ಬೇರೆಯವರ ಪಾಲಾಗಿತ್ತು. ಹಾಗಾಗಿ ಒಂದೇ ಹೆಸರು ಹೇಳುವ ಫಾರ್ವರ್ಡ್ ಬಂದರೆ ಹಂಚುವ ಮುನ್ನ ಮಾರೆಯನ್ನು ನೆನೆಯಿರಿ.

ನೀವೂ ಮಾಡಿ ನೋಡಿ

ಫ್ಲ್ಯಾಶ್ ಆಫ್ ಮಾಡಿ. ಅದು ಗಾಜಿಗೆ ಬಡಿದು ನಿಮ್ಮ ಕಡೆಗೇ ವಾಪಸ್ ಬರುತ್ತದೆ, ಮೀನೂ ಬೆಚ್ಚಬಹುದು. ಕೋಣೆಯ ದೀಪ ಆರಿಸಿ, ತೊಟ್ಟಿಯ ದೀಪ ಹಚ್ಚಿ. ಗಾಜು ಒರೆಸಿ, ಫೋನನ್ನು ಓರೆಯಾಗಿಸದೆ ಗಾಜಿಗೆ ನೇರವಾಗಿ ಹತ್ತಿರ ಹಿಡಿಯಿರಿ. ಗಾಜು ಬಡಿಯಬೇಡಿ, ಮೀನು ತಿರುಗುವವರೆಗೆ ಕಾಯಿರಿ. ಬಂದಾಗ ಬರ್ಸ್ಟ್ ಮೋಡ್‌ನಲ್ಲಿ ಸಾಲಾಗಿ ತೆಗೆಯಿರಿ. ನಮಗೆ ಇಪ್ಪತ್ತರಲ್ಲಿ ಒಂದು ಚೆನ್ನಾಗಿ ಬಂತು. ಅದರಲ್ಲಿ ಬಾಲದ ಮಡಿಕೆಯೂ ಕಾಣುತ್ತಿತ್ತು.