ಪದವಿಯಿಲ್ಲದ ರತ್ನತಜ್ಞ

ಭೂವಿಜ್ಞಾನ ಓದಿ ಕೆಲಸ ಹುಡುಕುತ್ತಿರುವ ನನ್ನಂಥವರು ತಿಳಿದಿರಬೇಕಾದ ಹೆಸರು ಜಾರ್ಜ್ ಫ್ರೆಡರಿಕ್ ಕುಂಜ್. ಜಗತ್ತೇ ಮೆಚ್ಚಿದ ಈ ರತ್ನತಜ್ಞನ ಬಳಿ, ಕೆಲಸಕ್ಕೆ ಸೇರುವಾಗ ಒಂದು ಪದವಿಯೂ ಇರಲಿಲ್ಲ!

1856ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಕುಂಜ್‌ಗೆ ಬಾಲ್ಯದಿಂದಲೇ ಕಲ್ಲು ಕೂಡಿಡುವ ಹುಚ್ಚು. ಕೂಪರ್ ಯೂನಿಯನ್‌ನ ಸಂಜೆ ತರಗತಿಗಳನ್ನು ಬಿಟ್ಟರೆ ಉಳಿದದ್ದೆಲ್ಲ ಸ್ವಂತ ಕಲಿಕೆ. ಹದಿಹರೆಯದಲ್ಲೇ ಸುಮಾರು 4,000 ಮಾದರಿಗಳ ಸಂಗ್ರಹವನ್ನು 400 ಡಾಲರಿಗೆ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಕೊಟ್ಟ.

ಆಗ ಆಭರಣದಂಗಡಿಗಳಲ್ಲಿ ವಜ್ರ, ಮಾಣಿಕ್ಯ, ಪಚ್ಚೆ, ನೀಲಗಳಿಗೇ ಮರ್ಯಾದೆ. ಕುಂಜ್ ಟೂರ್ಮಲಿನ್ ಹರಳೊಂದನ್ನು ಹಿಡಿದು ಟಿಫಾನಿ ಕಂಪನಿಯ ಮೆಟ್ಟಿಲು ಹತ್ತಿದ, ಅವರು ಕೊಂಡರು. 1879ರಲ್ಲಿ, 23ರ ವಯಸ್ಸಿನಲ್ಲಿ ಅಲ್ಲೇ ಕೆಲಸಕ್ಕೆ ಸೇರಿ, ಮುಂದೆ ಉಪಾಧ್ಯಕ್ಷನೂ ಆದ.

ಆತ ಬೆಲೆ ತಂದುಕೊಟ್ಟ ಎಷ್ಟೋ ಹರಳುಗಳ ತವರು ಪೆಗ್ಮಟೈಟ್ ಶಿಲೆ. ಶಿಲಾಪಾಕ ತಣಿಯುವಾಗ ಕೊನೆಗೆ ಉಳಿಯುವ ಭಾಗದಲ್ಲಿ ನೀರು, ಲಿಥಿಯಂ, ಬೋರಾನ್, ಬೆರಿಲಿಯಂ ಹೆಚ್ಚಿರುತ್ತವೆ. ಅದು ಬಿರುಕುಗಳಿಗೆ ನುಗ್ಗಿ ಗಟ್ಟಿಯಾದಾಗ ಒಳಗಿನ ಪೊಳ್ಳುಗಳಲ್ಲಿ ದೊಡ್ಡ ಹರಳುಗಳು ಬೆಳೆಯುತ್ತವೆ. ಬಂಡೆ ಒಡೆಯಲು ಸಿಡಿಮದ್ದು ಬೇಕು. ಪೊಳ್ಳು ಸಿಕ್ಕಿತೆಂದರೆ ಕೈಯಲ್ಲೇ ಮೆಲ್ಲಗೆ ಮಣ್ಣು ಬಿಡಿಸಬೇಕು. ಅವಸರ ಮಾಡಿದರೆ ರತ್ನ ಪುಡಿಯಾಗುತ್ತದೆ.

ಕ್ಯಾಲಿಫೋರ್ನಿಯಾದ ಪಾಲ ಎಂಬಲ್ಲಿ ಇಂಥ ಗಣಿಯಿಂದ 1902ರ ಸುಮಾರಿಗೆ ತಿಳಿನೇರಳೆ ಹರಳು ಬಂತು. ಅದು ಸ್ಪೊಡುಮೀನ್ ಖನಿಜದ ಹೊಸ ಬಗೆಯೆಂದು ಗುರುತಿಸಿದವನು ಕುಂಜ್. ರಸಾಯನ ವಿಜ್ಞಾನಿ ಚಾರ್ಲ್ಸ್ ಬಾಸ್ಕರ್‌ವಿಲ್ ಅದಕ್ಕೆ ಕುಂಜೈಟ್ ಎಂದೇ ಹೆಸರಿಟ್ಟ.

ಅಲ್ಲಿನ ಗುಲಾಬಿ ಟೂರ್ಮಲಿನ್ ಚೀನಾದ ರಾಜಮಾತೆ ಸಿಕ್ಸಿಗೆ ಅಚ್ಚುಮೆಚ್ಚು. ಆದರೆ 1911ರ ಕ್ರಾಂತಿಯ ಬೆನ್ನಲ್ಲೇ ಚೀನಾದ ಮಾರುಕಟ್ಟೆ ಕುಸಿದು ಗಣಿಗಳು ಸೊರಗಿದವು. ಒಂದೇ ಗಿರಾಕಿಯನ್ನು ನಂಬಿದವರ ಪಾಡು ಅದು. ಕುಂಜ್ ಮಾತ್ರ ಒಂದೇ ಕಲ್ಲಿಗೆ ಅಂಟಿಕೊಳ್ಳಲಿಲ್ಲ. 1910ರ ಹೊತ್ತಿಗೆ ಮಡಗಾಸ್ಕರ್‌ನ ಗುಲಾಬಿ ಬೆರಿಲ್‌ಗೆ ಮಾರ್ಗನೈಟ್ ಎಂಬ ಹೆಸರು ಸೂಚಿಸಿದ, ಪುಸ್ತಕಗಳನ್ನು ಬರೆದ, ಕ್ಯಾರೆಟ್ ತೂಕ ಎಲ್ಲೆಡೆ ಒಂದೇ ಆಗಬೇಕೆಂದು ಶ್ರಮಿಸಿದ. ಪಡೆಯದ ಪದವಿಯನ್ನು ವಿಶ್ವವಿದ್ಯಾಲಯಗಳು ಗೌರವಪೂರ್ವಕವಾಗಿ ಕೊಟ್ಟವು. 1932ರಲ್ಲಿ ತೀರಿಕೊಂಡ.

ಪದವಿ ಬೇಡವೆಂದು ನಾನು ಹೇಳುತ್ತಿಲ್ಲ. ಇಂದು ಅರ್ಜಿ ಹಾಕಲೂ ಅದು ಬೇಕೇ ಬೇಕು. ಆದರೆ ಎಲ್ಲರ ಕೈಯಲ್ಲೂ ಅದೇ ಅಂಕಪಟ್ಟಿ ಇರುವಾಗ, ಕಲ್ಲನ್ನು ನೋಡಿ ಗುರುತಿಸುವ ಕಣ್ಣೇ ನಮ್ಮನ್ನು ಬೇರೆಯಾಗಿಸುವುದು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದ ಪೆಗ್ಮಟೈಟ್‌ನಲ್ಲೂ ಲಿಥಿಯಂ ಇರುವ ಸ್ಪೊಡುಮೀನ್ ಸಿಕ್ಕಿದೆ. ಅದನ್ನು ಗುರುತಿಸಬಲ್ಲವರು ನಮ್ಮ ತರಗತಿಯಲ್ಲಿ ಎಷ್ಟು ಮಂದಿ?