ಸ್ಟೀವ್ ಮೆಕ್ವೀನ್ ಜೀವ ತೆಗೆದ ಕಲ್ನಾರಿನ ಧೂಳು

'ಬುಲಿಟ್' ಖ್ಯಾತಿಯ ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಹುಟ್ಟಿದ್ದು 1930ರಲ್ಲಿ. 1947ರಲ್ಲಿ ಅಮೆರಿಕದ ಮರೀನ್ ಪಡೆ ಸೇರಿದರು. ಅಲ್ಲಿ ಹಡಗಿನ ಪೈಪುಗಳಿಗೆ ಸುತ್ತಿದ್ದ ಕಲ್ನಾರು (ಆಸ್ಬೆಸ್ಟಾಸ್) ಕಿತ್ತು ತೆಗೆದದ್ದೇ ತಮ್ಮ ರೋಗಕ್ಕೆ ಮೂಲ ಎಂದು ಕೊನೆಗೆ ಅವರು ನಂಬಿದ್ದರು. ಶ್ವಾಸಕೋಶದ ಪೊರೆಯ ಕ್ಯಾನ್ಸರ್ ಪತ್ತೆಯಾಗಿದ್ದು 1979ರ ಡಿಸೆಂಬರಿನಲ್ಲಿ, ಅಂದರೆ ಸುಮಾರು 30 ವರ್ಷ ತಡವಾಗಿ! ಮೆಕ್ಸಿಕೋದಲ್ಲಿ ಏಪ್ರಿಕಾಟ್ ಬೀಜದ ಲೇಟ್ರಿಲ್ 'ಔಷಧ'ವನ್ನೂ ತೆಗೆದುಕೊಂಡರು. ಅದು ಕ್ಯಾನ್ಸರ್ ಗುಣಪಡಿಸುವುದಿಲ್ಲ, ಫಾರ್ವರ್ಡ್‌ಗಳು ಏನೇ ಹೇಳಲಿ. 1980ರ ನವೆಂಬರ್ 7ರಂದು, ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ, 50ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ಕಾಲದ ಅಮೆರಿಕದ ಎಷ್ಟೋ ಮನೆಗಳ ನೆಲದ ಟೈಲ್ಸ್‌ನಲ್ಲೂ ಕಲ್ನಾರಿದೆ. ಬಿರುಕಿಲ್ಲದ ಟೈಲ್ಸ್ ಸುಮ್ಮನಿದ್ದರೆ ಅಪಾಯ ಕಡಿಮೆ. ಒಡೆದರೆ, ಉಜ್ಜಿದರೆ ಎಳೆಗಳು ಗಾಳಿಗೆ ಸೇರುತ್ತವೆ. ಅಲ್ಲಿ ಹಳೆ ಮನೆ ರಿಪೇರಿಗೆ ಇಳಿದಿರುವ ಕನ್ನಡಿಗರಿಗೆ ನಾವು ಹೇಳುವುದಿಷ್ಟು: ಮೊದಲು ಲ್ಯಾಬ್ ಪರೀಕ್ಷೆ ಮಾಡಿಸಿ. ಕಲ್ನಾರು ಇದ್ದು, ಟೈಲ್ಸ್ ಗಟ್ಟಿಯಾಗಿದ್ದರೆ, ಕೀಳದೆ ಅದರ ಮೇಲೆಯೇ ಹೊಸ ನೆಲ ಹಾಸಿ. ಕೀಳಲೇಬೇಕಿದ್ದರೆ ತರಬೇತಿ ಪಡೆದವರನ್ನು ಕರೆಸಿ.